ಮಲೆನಾಡಿನ ಮೇಲೆ ಹಾರುವಾಗ ಮೊಬೈಲಿಗೇಕೆ ಮೌನ?

ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ಭೂಪಟದ ಮೇಲೆ ಒಂದು ಸರಳರೇಖೆ ಎಳೆದರೆ, ಅದು ಹಾಸನವನ್ನು ದಾಟಿ ಆಲೂರು, ಸಕಲೇಶಪುರದ ಬೆಟ್ಟಗಳ ನೆತ್ತಿಯ ಮೇಲೆಯೇ ಹಾದು ಹೋಗುತ್ತದೆ. ಕೆಳಗೆ ಹೇಮಾವತಿ ಹೊಳೆ, ಕಾಫಿ ತೋಟಗಳು, ನಡುನಡುವೆ ಗದ್ದೆಬಯಲು, ಶಿರಾಡಿ ಘಾಟಿಯತ್ತ ಇಳಿಯುವ ಹೆದ್ದಾರಿ. ಸಕಲೇಶಪುರದಿಂದ ಬಜ್ಪೆಗೆ ಆಕಾಶಮಾರ್ಗದಲ್ಲಿ ನೂರು ಕಿಲೋಮೀಟರಿಗಿಂತ ತುಸು ಕಡಿಮೆ ದೂರ. ಜೆಟ್ ವಿಮಾನವೊಂದು ಇಳಿಯಲು ಸಿದ್ಧವಾಗುವುದು ಹೆಚ್ಚುಕಡಿಮೆ ಈ ಸೀಮೆಯಲ್ಲೇ. ಆಗ ಕೇಳಿಬರುತ್ತದೆ ಆ ಪರಿಚಿತ ಪ್ರಕಟಣೆ: ಬೆಲ್ಟ್ ಕಟ್ಟಿಕೊಳ್ಳಿ, ಆಸನ ನೆಟ್ಟಗೆ ಮಾಡಿ, ಲ್ಯಾಪ್‌ಟಾಪ್ ಒಳಗಿಡಿ, ಮೊಬೈಲ್ ಫ್ಲೈಟ್ ಮೋಡ್‌ನಲ್ಲಿರಲಿ.

ನೂರಾರು ಜನ ಕೇಳುತ್ತಾರೆ. ಕೆಲವರು ತಕ್ಷಣ ಪಾಲಿಸುತ್ತಾರೆ. ಕೆಲವರು ಗಗನಸಖಿ ಹತ್ತಿರ ಬರುವವರೆಗೆ ಕಾದು, ಆಕೆ ಅತ್ತ ಹೋದೊಡನೆ ಮತ್ತೆ ಮೊಬೈಲ್ ತೆಗೆಯುತ್ತಾರೆ. ಮತ್ತೆ ಕೆಲವರಿಗೆ ಹೇಳಿದ್ದೇನೆಂದೇ ತಿಳಿಯುವುದಿಲ್ಲ. ಯಾರ ಕಿಸೆಯಲ್ಲಿರುವ ಮೊಬೈಲ್ ಆರಿದೆ, ಯಾರದು ಆರಿಲ್ಲ ಎಂದು ಪತ್ತೆಹಚ್ಚುವ ಯಂತ್ರವೇನೂ ವಿಮಾನದ ಸಿಬ್ಬಂದಿಯ ಕೈಯಲ್ಲಿಲ್ಲ. ಹಾಗಿದ್ದೂ ಈ ನಿಯಮ ಅರ್ಧ ಶತಮಾನಕ್ಕೂ ಮೀರಿ ಬಾಳಿದೆ. ಅದು ಹುಟ್ಟಿದ್ದು ಹೇಗೆ, ಬದಲಾದದ್ದು ಏಕೆ, ಜಾರಿಯಾಗುವುದು ಯಾರ ಬಲದಿಂದ ಎಂಬುದನ್ನು ನೋಡಿದರೆ, ನಿಯಮವೊಂದು ನಿಲ್ಲುವುದು ದಂಡದ ಮೇಲೋ ನಂಬಿಕೆಯ ಮೇಲೋ ಎಂಬ ಹಳೆಯ ಪ್ರಶ್ನೆಗೂ ಒಂದಿಷ್ಟು ಉತ್ತರ ಸಿಗುತ್ತದೆ.

ಮೊದಲ ಆರೋಪಿ ರೇಡಿಯೋ

ಈ ಕಥೆಯಲ್ಲಿ ಮೊದಲು ಅನುಮಾನಕ್ಕೆ ಒಳಗಾದದ್ದು ಮೊಬೈಲ್ ಅಲ್ಲ, ಕೈಯಲ್ಲಿ ಹಿಡಿದು ಒಯ್ಯುವ ಎಫ್‌ಎಂ ರೇಡಿಯೋ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಯಾತ್ರಿಕರು ಇಂತಹ ರೇಡಿಯೋಗಳನ್ನು ವಿಮಾನದೊಳಗೆ ತರತೊಡಗಿದಾಗ, ದಿಕ್ಕು ತೋರುವ ಉಪಕರಣಗಳ ಮುಳ್ಳು ತಪ್ಪು ತೋರಬಹುದೆಂಬ ಶಂಕೆ ತಂತ್ರಜ್ಞರಲ್ಲಿ ಮೂಡಿತು. ಪರೀಕ್ಷೆಗಳು ನಡೆದವು. 1966ರಲ್ಲಿ ಅಲ್ಲಿನ ವಿಮಾನಯಾನ ಆಡಳಿತ, ಯಾತ್ರಿಕರ ವಿದ್ಯುನ್ಮಾನ ಉಪಕರಣಗಳ ಮೇಲೆ ನಿರ್ಬಂಧ ಹೇರಿತು. ಶ್ರವಣಯಂತ್ರ, ಹೃದಯದ ಪೇಸ್‌ಮೇಕರ್, ವಿದ್ಯುತ್ ಕ್ಷೌರಯಂತ್ರ, ಧ್ವನಿಮುದ್ರಕಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು.

ರೇಡಿಯೋ ಕೇಳುವ ಯಂತ್ರವಷ್ಟೆ, ಅದರಿಂದ ವಿಮಾನಕ್ಕೇನು ತೊಂದರೆ ಎಂಬ ಪ್ರಶ್ನೆ ಸಹಜ. ಎಫ್‌ಎಂ ರೇಡಿಯೋ ತನಗೆ ಬೇಕಾದ ಕೇಂದ್ರವನ್ನು ಹಿಡಿಯಲು ತನ್ನೊಳಗೇ ಒಂದು ಸಣ್ಣ ತರಂಗವನ್ನು ಹುಟ್ಟಿಸಿಕೊಳ್ಳುತ್ತದೆ. ಆ ತರಂಗದ ಆವರ್ತನ ಸಾಮಾನ್ಯವಾಗಿ ಕೇಳುವ ಕೇಂದ್ರದ ಆವರ್ತನಕ್ಕಿಂತ 10.7 ಮೆಗಾಹರ್ಟ್ಸ್ ಹೆಚ್ಚು. ಆಲೂರು, ಸಕಲೇಶಪುರದ ಮನೆಗಳಿಗೆ ಪರಿಚಿತವಾದ ಆಕಾಶವಾಣಿ ಹಾಸನ ಕೇಂದ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಆವರ್ತನ 102.2 ಮೆಗಾಹರ್ಟ್ಸ್. ಅದನ್ನು ಕೇಳುತ್ತಿರುವ ರೇಡಿಯೋದೊಳಗೆ ಹುಟ್ಟುವ ತರಂಗ 112.9 ಮೆಗಾಹರ್ಟ್ಸ್. ವಿಮಾನಗಳಿಗೆ ದಿಕ್ಕು ತೋರುವ ನೆಲದ ಕೇಂದ್ರಗಳು ಕೆಲಸ ಮಾಡುವುದು 108ರಿಂದ 118 ಮೆಗಾಹರ್ಟ್ಸ್‌ನ ನಡುವೆ. ಅಂದರೆ ಯಾತ್ರಿಕನ ಮಡಿಲಲ್ಲಿ ಕುಳಿತ ರೇಡಿಯೋ, ತನಗೇ ಅರಿವಿಲ್ಲದೆ, ಪೈಲಟ್ ಕಿವಿಗೊಟ್ಟಿರುವ ಜಾಗದಲ್ಲೇ ಪಿಸುಗುಡುತ್ತದೆ. ಆ ಪಿಸುಮಾತು ಬಲು ಕ್ಷೀಣ, ನಿಜ. ಆದರೆ ಹತ್ತಾರು ಕಿಲೋಮೀಟರ್ ಆಚೆಯಿಂದ ಬರುವ ನೆಲದ ಸಂಕೇತವೂ ವಿಮಾನವನ್ನು ತಲಪುವ ಹೊತ್ತಿಗೆ ಕ್ಷೀಣವಾಗಿಯೇ ಇರುತ್ತದೆ. ದೂರದ ಕೂಗಿಗಿಂತ ಪಕ್ಕದ ಪಿಸುಮಾತು ಹೆಚ್ಚು ಕೇಳುವುದುಂಟಲ್ಲವೆ?

ಬೆಟ್ಟದ ಕೆಳಗೂ ಬೆಟ್ಟದ ಮೇಲೂ

ಮೊಬೈಲ್ ಬಂದ ಮೇಲೆ ನಿಷೇಧಕ್ಕೆ ಇನ್ನೊಂದು ಕಾರಣ ಕೂಡಿಕೊಂಡಿತು. 1991ರಲ್ಲಿ ಹಾರುವ ವಿಮಾನದಿಂದ ಮೊಬೈಲ್ ಬಳಸಬಾರದೆಂದು ಅಮೆರಿಕದಲ್ಲಿ ಆಜ್ಞೆ ಹೊರಡಿಸಿದ್ದು ವಿಮಾನಯಾನ ಇಲಾಖೆಯಲ್ಲ, ದೂರಸಂಪರ್ಕ ಆಯೋಗ. ಅದರ ಚಿಂತೆ ವಿಮಾನದ ಬಗ್ಗೆ ಆಗಿರಲಿಲ್ಲ, ನೆಲದ ಮೇಲಿನ ಟವರುಗಳ ಬಗ್ಗೆ ಆಗಿತ್ತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಅಂದರೆ ಮೊಬೈಲ್ ನಮ್ಮ ದೇಶಕ್ಕೆ ಕಾಲಿಡುವ ಮೊದಲೇ ಆಕಾಶದಲ್ಲಿ ಅದರ ಬಾಯಿ ಕಟ್ಟುವ ನಿಯಮ ಸಿದ್ಧವಾಗಿತ್ತು.

ಇದರ ಕಾರಣವನ್ನು ಸಕಲೇಶಪುರದ ಸೀಮೆಯವರಿಗೆ ವಿವರಿಸುವುದು ಸುಲಭ. ಹೆತ್ತೂರು, ಬಿಸಿಲೆಯ ಕಡೆಯ ಕಣಿವೆಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡದ ಏರಿಗೆ ನಡೆಯುವುದು ಹೊಸ ಸಂಗತಿಯಲ್ಲ. ಬೆಟ್ಟ ಅಡ್ಡ ಬಂದರೆ ಟವರಿನ ತರಂಗ ಕಣಿವೆಗೆ ಇಳಿಯದು. ಈ ಅಡ್ಡಿಯೇ ಮೊಬೈಲ್ ಜಾಲದ ಜೀವಾಳವೂ ಹೌದು. ಒಂದು ಟವರಿನ ಸೀಮೆ ಇನ್ನೊಂದಕ್ಕೆ ತಗುಲದಂತೆ ನೆಲವನ್ನು ಹಂಚಿಕೊಂಡರೆ ತಾನೆ ಅದೇ ಆವರ್ತನವನ್ನು ಮತ್ತೆ ಮತ್ತೆ ಬಳಸಲು ಸಾಧ್ಯ? ಆದರೆ ಬೆಟ್ಟದ ಮೇಲೆ ಹಲವು ಸಾವಿರ ಅಡಿ ಎತ್ತರದಲ್ಲಿ ಹಾರುವ ವಿಮಾನದ ಕಿಟಕಿಯಲ್ಲಿರುವ ಮೊಬೈಲಿಗೆ ಯಾವ ಗುಡ್ಡವೂ ಅಡ್ಡವಿಲ್ಲ. ಅದು ಹಲವು ಊರುಗಳ ಟವರುಗಳಿಗೆ ಏಕಕಾಲಕ್ಕೆ ಕಾಣಿಸಿಕೊಳ್ಳಬಲ್ಲದು. ಗಂಟೆಗೆ ಏಳೆಂಟುನೂರು ಕಿಲೋಮೀಟರ್ ವೇಗದಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯಲು ಹವಣಿಸುತ್ತದೆ. ಕೆಳಗೆ ಒಂದು ಗೆರೆ ಸಿಗ್ನಲಿಗಾಗಿ ಪರದಾಡುವ ಅದೇ ಮೊಬೈಲ್, ಮೇಲೆ ಹೋದರೆ ಹತ್ತೂರಿನ ಜಾಲವನ್ನು ಕಲಕುತ್ತದೆ.

ಇಷ್ಟಾಗಿಯೂ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಟವರುಗಳ ಆಂಟೆನಾಗಳು ನೆಲದತ್ತ ಬಾಗಿರುವಂಥವು, ಆಕಾಶದತ್ತ ನೋಡುವಂಥವಲ್ಲ. ಟವರ್ ದೂರವಾದಷ್ಟೂ ಮೊಬೈಲ್ ತನ್ನ ದನಿ ಏರಿಸುತ್ತದೆ. ಹಳೆಯ ಜಿಎಸ್‌ಎಂ ಮೊಬೈಲನ್ನು ರೇಡಿಯೋದ ಪಕ್ಕದಲ್ಲಿಟ್ಟಾಗ, ಕರೆ ಬರುವ ಮುನ್ನ ಸ್ಪೀಕರಿನಲ್ಲಿ ‘ಟಿಟ್ ಟಿಟ್ ಟಿಟ್’ ಎಂಬ ಸದ್ದು ಏಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದೇ ಸದ್ದು ಪೈಲಟ್‌ಗಳ ಹೆಡ್‌ಫೋನಿನಲ್ಲೂ ಕೇಳುತ್ತದೆ. ನಿಯಂತ್ರಣ ಗೋಪುರ ಎತ್ತರದ ಅಂಕಿಯನ್ನೋ ಗಾಳಿಯ ದಿಕ್ಕನ್ನೋ ಹೇಳುತ್ತಿರುವಾಗ ಆ ಸದ್ದು ನಡುವೆ ನುಗ್ಗಿದರೆ ಒಂದು ಮಾತು ಕೇಳದೇ ಹೋಗಬಹುದು.

ಬಜ್ಪೆಯ ರನ್‌ವೇ ಗುಡ್ಡದ ತಲೆಯನ್ನು ಸಮಮಾಡಿ ಕಟ್ಟಿದ್ದು. ಅದರ ಆಸುಪಾಸಿನಲ್ಲಿ ನೆಲ ಥಟ್ಟನೆ ಇಳಿಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಘಟ್ಟದಿಂದ ಕಡಲಿನವರೆಗೆ ಮೋಡ ಮುಸುಕಿರುವಾಗ ಪೈಲಟ್ ಕಣ್ಣಿಗಿಂತ ಹೆಚ್ಚಾಗಿ ರೇಡಿಯೋ ಸಂಕೇತವನ್ನೇ ನಂಬಿ ಕೆಳಗಿಳಿಯುತ್ತಾನೆ. ಎಡಬಲವನ್ನು ತಿಳಿಸುವ ಒಂದು ಸಂಕೇತ, ಇಳಿಜಾರನ್ನು ತಿಳಿಸುವ ಇನ್ನೊಂದು. ನಿಯಮ ಹಾರಾಟದ ನಡುವಿಗಿಂತ ಏರುವಾಗ, ಇಳಿಯುವಾಗ ಬಿಗಿಯಾಗಿರುವುದು ಇದಕ್ಕೇ. ಹಾರುವ ಎತ್ತರದಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಹೊತ್ತಿದೆ, ಇಳಿಯುವಾಗ ಇಲ್ಲ.

ಸಾಬೀತಾಗದ ಅಪರಾಧ

ಹಾಗಾದರೆ ಮೊಬೈಲಿನಿಂದ ವಿಮಾನ ಬಿದ್ದದ್ದುಂಟೆ? ಯಾತ್ರಿಕನೊಬ್ಬನ ಮೊಬೈಲಿನಿಂದಲೇ ದೊಡ್ಡ ವಿಮಾನವೊಂದು ಅಪಘಾತಕ್ಕೀಡಾಯಿತೆಂದು ಸಾಬೀತಾದ ಉದಾಹರಣೆ ಇಲ್ಲ. 2010ರ ಮೇ 22ರಂದು ಬಜ್ಪೆಯಲ್ಲಿ 158 ಜನರನ್ನು ಬಲಿತೆಗೆದುಕೊಂಡ ದುರಂತಕ್ಕೂ ಯಾತ್ರಿಕರ ಉಪಕರಣಗಳಿಗೂ ಸಂಬಂಧವಿರಲಿಲ್ಲ. ಸ್ಥಿರವಲ್ಲದ ಇಳಿಯುವಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರದೇ ಹೋದದ್ದು ಅದರ ಕಾರಣವೆಂದು ತನಿಖೆ ಹೇಳಿತು. ಅನುಮಾನ ಮೊಬೈಲಿನ ಹತ್ತಿರಕ್ಕೆ ಬಂದ ಪ್ರಕರಣವೆಂದರೆ 2003ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಬಳಿ ಮಂಜಿನಲ್ಲಿ ನೆಲಕ್ಕಪ್ಪಳಿಸಿದ ಸಣ್ಣ ವಿಮಾನದ್ದು. ಪೈಲಟ್‌ನ ಸ್ವಂತ ಮೊಬೈಲ್ ಆಗ ಕರೆಯಲ್ಲಿತ್ತು. ಅದು ಉಪಕರಣಕ್ಕೆ ಅಡ್ಡಿ ಮಾಡಿರಬಹುದು ಎಂದು ತನಿಖೆ ಹೇಳಿತೇ ಹೊರತು, ಮಾಡಿತು ಎನ್ನಲಿಲ್ಲ.

ಸಾಬೀತಾಗದ ಅಪಾಯಕ್ಕೆ ನಿಯಮವೇಕೆ ಎಂಬ ಅಸಮಾಧಾನ ಬೆಳೆದದ್ದು ಇಂಥ ಕಡೆಯಲ್ಲೇ. ನಿಯಮವನ್ನು ಜನ ಪಾಲಿಸುತ್ತಲೂ ಇರಲಿಲ್ಲ. 2013ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಶೇಕಡಾ 30ರಷ್ಟು ಯಾತ್ರಿಕರು ತಾವು ಮರೆತು ಉಪಕರಣವನ್ನು ಆರಿಸದೆ ಬಿಟ್ಟದ್ದುಂಟೆಂದು ಒಪ್ಪಿಕೊಂಡಿದ್ದರು. ವಿಮಾನಗಳೇನೋ ಸುರಕ್ಷಿತವಾಗಿ ಇಳಿಯುತ್ತಿದ್ದವು. ತಜ್ಞರ ಸಮಿತಿಯೊಂದು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದ ಮೇಲೆ, ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅಮೆರಿಕ ಫ್ಲೈಟ್ ಮೋಡ್‌ನಲ್ಲಿರುವ ಉಪಕರಣಗಳನ್ನು ಪ್ರಯಾಣದುದ್ದಕ್ಕೂ ಬಳಸಲು ಬಿಟ್ಟಿತು. ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯ 2014ರ ಏಪ್ರಿಲ್‌ನಲ್ಲಿ ಅದೇ ಹಾದಿ ಹಿಡಿಯಿತು. 2020ರಲ್ಲಿ ವಿಮಾನದೊಳಗಿನ ವೈಫೈ ಬಳಕೆಗೂ ಅನುಮತಿ ಬಂತು. 2024ರ ತಿದ್ದುಪಡಿಯ ಪ್ರಕಾರ ಭಾರತದ ಆಕಾಶದಲ್ಲಿ ವಿಮಾನ 3,000 ಮೀಟರ್ ಎತ್ತರ ತಲಪಿದ ಮೇಲಷ್ಟೇ ಆ ಸೌಲಭ್ಯ. ಸಕಲೇಶಪುರ ಪಟ್ಟಣದ ಎತ್ತರದ ಮೂರು ಪಟ್ಟಿಗೂ ಅದು ಹೆಚ್ಚು.

ಸಡಿಲಗೊಂಡದ್ದು ನಿಯಮದ ಒಂದು ಭಾಗ ಮಾತ್ರ. ಮೊಬೈಲ್ ಟವರಿನೊಂದಿಗೆ ಮಾತಾಡಬಾರದೆಂಬುದು ಉಳಿಯಿತು. ಇಳಿಯುವಾಗ ಲ್ಯಾಪ್‌ಟಾಪನ್ನು ಎತ್ತಿಡಬೇಕೆಂಬುದೂ ಉಳಿಯಿತು. ಅದರ ಕಾರಣ ತರಂಗವಲ್ಲ, ತೂಕ. ವಿಮಾನ ಥಟ್ಟನೆ ನಿಂತರೆ ಅದು ಹಾರಿ ಯಾರದೋ ತಲೆಗೆ ಬಡಿಯಬಹುದು, ತುರ್ತಿನಲ್ಲಿ ಓಡುವವರ ಕಾಲಿಗೆ ತೊಡರಬಹುದು.

ಬಸ್ಸು, ರೈಲು, ವಿಮಾನ

ನಿಯಮ ಮಾಡುವುದು ಒಂದು, ಜಾರಿಗೆ ತರುವುದು ಇನ್ನೊಂದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರು ಆಲೂರು, ಸಕಲೇಶಪುರದ ಬೆಟ್ಟಗಳನ್ನು ಬಸ್ಸಿನಲ್ಲಿ ದಾಟಬಹುದು, ರೈಲಿನಲ್ಲಿ ದಾಟಬಹುದು, ಆಕಾಶದಲ್ಲೂ ದಾಟಬಹುದು. ಮೂರರಲ್ಲೂ ಈಗ ಯಾತ್ರಿಕರ ಮೊಬೈಲಿಗೆ ಒಂದಲ್ಲ ಒಂದು ಕಟ್ಟುಪಾಡು ಇದೆ. ಆದರೆ ಅದನ್ನು ಜಾರಿಗೊಳಿಸುವ ಬಗೆ ಒಂದೊಂದರಲ್ಲಿ ಒಂದೊಂದು.

ಬಸ್ಸಿನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕುವವರ ಕಾಟ ಹೈಕೋರ್ಟಿನ ಮೆಟ್ಟಿಲೇರಿದ ಹಿನ್ನೆಲೆಯಲ್ಲಿ, 2021ರ ನವೆಂಬರ್‌ನಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಮೊಬೈಲ್ ಸ್ಪೀಕರನ್ನು ನಿಷೇಧಿಸಿತು. ಆಧಾರವಾದದ್ದು 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳು. ಕಂಡಕ್ಟರ್ ಮೊದಲು ವಿನಯದಿಂದ ಕೇಳಿಕೊಳ್ಳಬೇಕು. ಒಪ್ಪದಿದ್ದರೆ ಆ ಪ್ರಯಾಣಿಕನನ್ನು ಬಸ್ಸಿನಿಂದ ಇಳಿಸಬಹುದು, ಟಿಕೆಟಿನ ಹಣ ಮರಳಿಸಬೇಕಿಲ್ಲ. ಮಾರನಹಳ್ಳಿಯ ತಿರುವಿನಲ್ಲಿ ನಡುರಾತ್ರಿ ಇಳಿಯಬೇಕಾದೀತೆಂಬ ಯೋಚನೆಯೇ ಎಂಥವನ ಮೊಬೈಲನ್ನಾದರೂ ಸುಮ್ಮನಾಗಿಸಲು ಸಾಕು.

ರೈಲಿನಲ್ಲಿ ಮಾತೇ ಬೇಕಿಲ್ಲ. ಬೆಂಕಿಯ ಭಯದಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೋಗಿಗಳ ಚಾರ್ಜಿಂಗ್ ಸಂಪರ್ಕವನ್ನು ಕಡಿದಿಡಬೇಕೆಂಬ ಸೂಚನೆಯನ್ನು ರೈಲ್ವೆ 2021ರಲ್ಲಿ ಮತ್ತೆ ನೀಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಅಂಥ ಕಡೆ ಬೋಗಿಯಲ್ಲಿ ಬೆಂಕಿ ಹೊತ್ತಿಕೊಂಡರೆ ಗತಿಯೇನೆಂದು ಊಹಿಸಿದರೆ ಸೂಚನೆಯ ಅರ್ಥ ತಾನೇ ತಿಳಿಯುತ್ತದೆ. ಇಲ್ಲಿ ಯಾತ್ರಿಕನ ಒಪ್ಪಿಗೆಯ ಪ್ರಶ್ನೆಯಿಲ್ಲ; ಸ್ವಿಚ್ ಒತ್ತಿದರಾಯಿತು.

ವಿಮಾನದಲ್ಲಿ ಇಳಿಸುವಂತಿಲ್ಲ, ಎಲ್ಲರ ಮೊಬೈಲನ್ನು ಒಟ್ಟಿಗೆ ಆರಿಸುವ ಸ್ವಿಚ್ಚೂ ಇಲ್ಲ. ಕಾನೂನಿನ ಬಲವೇನೋ ಇದೆ. 1937ರ ವಿಮಾನ ನಿಯಮಗಳಲ್ಲಿನ 29ಬಿ ನಿಯಮ, ಯಾತ್ರಿಕನು ಉಪಕರಣ ಬಳಸಬಾರದು ಎಂಬಷ್ಟಕ್ಕೆ ನಿಲ್ಲಲಿಲ್ಲ. ಬಳಸಲು ಪೈಲಟ್ ಬಿಡಬಾರದು ಎಂದೂ ಹೇಳಿತು. ಹಾರುವ ವಿಮಾನದಲ್ಲಿ ಶಿಸ್ತು ಕಾಪಾಡುವ ಅಧಿಕಾರವನ್ನು 1963ರ ಟೋಕಿಯೋ ಒಪ್ಪಂದ ಪೈಲಟ್‌ಗೆ ಕೊಟ್ಟಿತು. ಭಾರತ ಅದನ್ನು 1975ರ ಕಾಯ್ದೆಯ ಮೂಲಕ ತನ್ನದಾಗಿಸಿಕೊಂಡಿತು. 2017ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮಾವಳಿ ಪುಂಡ ಯಾತ್ರಿಕರ ವರ್ತನೆಯನ್ನು ಮೂರು ದರ್ಜೆಯಾಗಿ ವಿಂಗಡಿಸಿತು. ಬೈಗುಳ, ಸನ್ನೆಯಂಥ ತಪ್ಪಿಗೆ ಮೂರು ತಿಂಗಳವರೆಗೆ, ಮೈಮುಟ್ಟುವ ಹಲ್ಲೆಗೆ ಆರು ತಿಂಗಳವರೆಗೆ, ಪ್ರಾಣಾಪಾಯದ ಕೃತ್ಯಕ್ಕೆ ಎರಡು ವರ್ಷ ಅಥವಾ ಹೆಚ್ಚು ಕಾಲ ವಿಮಾನ ಹತ್ತುವಂತಿಲ್ಲ. ತೀರ್ಮಾನ ಪೈಲಟ್‌ನದಲ್ಲ, ಅವನ ದೂರನ್ನು ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ವಿಚಾರಿಸಬೇಕೆಂದು ಅದರಲ್ಲಿ ಹೇಳಲಾಗಿತ್ತು.

ಆದರೆ ಈ ಕಾನೂನೆಲ್ಲ ನೆಲಕ್ಕಿಳಿದ ಮೇಲಿನ ಮಾತು. ಮೇಲಿರುವಾಗ ನಿಯಮವೆಂದರೆ ಕಿರಿದಾದ ಓಣಿಯಲ್ಲಿ ನಡೆದು ಬರುವ ಒಬ್ಬ ತರುಣಿ ಅಥವಾ ತರುಣ. ಊಟ ತಿಂಡಿ ಕೊಟ್ಟ ಕೈಯೇ ಮರುಗಳಿಗೆಯಲ್ಲಿ ಎಚ್ಚರಿಕೆಯ ಬೆರಳೂ ಆಗಬೇಕು. ನಗುಮುಖ ಕಳೆದುಕೊಳ್ಳುವಂತಿಲ್ಲ, ನಿಯಮ ಬಿಟ್ಟುಕೊಡುವಂತಿಲ್ಲ. ‘ನಾನು ಹಣ ಕೊಟ್ಟು ಬಂದವನು’ ಎನ್ನುವ ಯಾತ್ರಿಕನಿಗೆ ಆಕೆ ಪರಿಚಾರಕಿಯಾಗಿ ಕಾಣುತ್ತಾಳೆಯೇ ಹೊರತು, ಬೆಂಕಿ ಬಿದ್ದಾಗ ತೊಂಬತ್ತು ಸೆಕೆಂಡಿನಲ್ಲಿ ವಿಮಾನ ಬರಿದು ಮಾಡಲು ತರಬೇತಿ ಪಡೆದವಳೆಂದು ತೋರುವುದಿಲ್ಲ.

ಯಾವ ಭಾಷೆಯಲ್ಲಿ?

ವಿಮಾನ ಶ್ರೀಮಂತರ ಸೊತ್ತಾಗಿದ್ದ ಕಾಲದಲ್ಲಿ ಈ ತೊಡಕು ಕಡಿಮೆಯಿತ್ತು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ, ಅದೇ ಜಿಲ್ಲೆಯ ಜಾವಗಲ್ ಬಳಿ ಬೇಸಾಯ ಮಾಡಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಅಗ್ಗದ ಟಿಕೆಟಿನ ಯುಗಕ್ಕೆ ನಾಂದಿ ಹಾಡಿದರು. ಅಲ್ಲಿಂದೀಚೆಗೆ ರೈತರು, ಸಣ್ಣ ವ್ಯಾಪಾರಿಗಳು, ಕೆಲಸಕ್ಕಾಗಿ ಕೊಲ್ಲಿ ದೇಶಗಳಿಗೆ ಹೋಗುವವರು, ಮಕ್ಕಳನ್ನು ನೋಡಲು ಹೊರಟ ವಯಸ್ಸಾದ ತಂದೆ ತಾಯಿಯರು ವಿಮಾನ ಹತ್ತಿದರು. ನಿಯಮದ ಪ್ರಕಟಣೆ ಮಾತ್ರ ಇಂಗ್ಲಿಷು, ಹಿಂದಿಗಳಲ್ಲೇ ಹೆಚ್ಚಾಗಿ ಉಳಿಯಿತು. ಕರ್ನಾಟಕದ ಎರಡು ಊರುಗಳ ನಡುವೆ, ಕನ್ನಡದ ನೆಲದ ಮೇಲೆ ಹಾರುವಾಗಲಾದರೂ ಕನ್ನಡದಲ್ಲಿ ಹೇಳಿ ಎಂಬ ಒತ್ತಾಯವನ್ನು ಭಾಷಾಭಿಮಾನವೆಂದಷ್ಟೇ ನೋಡುವವರಿದ್ದಾರೆ. ನಿಜದಲ್ಲಿ ಅದು ಸುರಕ್ಷತೆಯ ಮಾತು. ಅರ್ಥವಾಗದ ಆಜ್ಞೆಯನ್ನು ಮೀರಿದವನನ್ನು ಪುಂಡನೆನ್ನುವುದು ಹೇಗೆ?

ನಂಬಿಕೆ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಮಂಗಳೂರಿನಲ್ಲೇ ಉದಾಹರಣೆ ಇದೆ. 2022ರ ಆಗಸ್ಟ್ 14ರಂದು ಮುಂಬೈಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಯಾತ್ರಿಕನ ಮೊಬೈಲಿನ ಪರದೆಯ ಮೇಲಿದ್ದ ಸಂದೇಶ ಸಹಯಾತ್ರಿಕರೊಬ್ಬರ ಕಣ್ಣಿಗೆ ಬಿತ್ತು. ಅನುಮಾನಗೊಂಡು ಅವರು ಸಿಬ್ಬಂದಿಗೆ ತಿಳಿಸಿದರು. ಎಲ್ಲರನ್ನೂ ಇಳಿಸಿ ಶೋಧಿಸಲಾಯಿತು. ಅದು ಇಬ್ಬರು ಸ್ನೇಹಿತರ ತಮಾಷೆಯ ಹರಟೆ ಎಂದು ತಿಳಿದು ವಿಮಾನ ಹೊರಡುವಾಗ ಸುಮಾರು ಆರು ಗಂಟೆ ತಡವಾಗಿತ್ತು. ಸಹಯಾತ್ರಿಕರ ಎಚ್ಚರ ಒಳ್ಳೆಯದೇ. ಆದರೆ ಪರದೆ ಇಣುಕುವುದೇ ಕಾವಲಾಗಿಬಿಟ್ಟರೆ ಪ್ರತಿ ಪ್ರಯಾಣವೂ ಪಂಚನಾಮೆಯಾದೀತು.

ಹೊಸ ಕಾರಣ ಬೆಂಕಿ

ಇತ್ತೀಚಿನ ವರ್ಷಗಳಲ್ಲಿ ತರಂಗದ ಭಯ ಹಿಂದೆ ಸರಿದು, ಬ್ಯಾಟರಿಯ ಭಯ ಮುಂದೆ ಬಂದಿದೆ. ಲಿಥಿಯಂ ಬ್ಯಾಟರಿ ಜಜ್ಜಿದರೆ ಅಥವಾ ಒಳಗೆ ಕೆಟ್ಟರೆ ತನ್ನ ಬಿಸಿಯಿಂದ ತಾನೇ ಇನ್ನಷ್ಟು ಬಿಸಿಯಾಗುತ್ತ ಹೊತ್ತಿಕೊಳ್ಳುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದಿಂದ ಚೆನ್ನೈಗೆ ಬಂದ ವಿಮಾನದಲ್ಲಿ ಮೇಲಿನ ಪೆಟ್ಟಿಗೆಯಲ್ಲಿದ್ದ ಮೊಬೈಲಿನಿಂದ ಹೊಗೆ ಎದ್ದು, ಸಿಬ್ಬಂದಿ ಅದನ್ನು ಆರಿಸಿದರು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನ ಸುಟ್ಟು ಹೋಯಿತು. ಒಳಗಿದ್ದವರೆಲ್ಲ ಪಾರಾದರು. ಬೆಂಕಿ ಪವರ್ ಬ್ಯಾಂಕಿನಿಂದ ಹೊತ್ತಿರಬಹುದೆಂದು ತನಿಖೆ ಸೂಚಿಸಿತು.

ಪವರ್ ಬ್ಯಾಂಕನ್ನು ಸರಕಿನ ಕೋಣೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕೆಂಬ ನಿಯಮ ಹಲವರಿಗೆ ತಲೆಕೆಳಗಾಗಿ ತೋರುತ್ತದೆ. ಅಪಾಯದ ವಸ್ತುವನ್ನು ಜನರ ನಡುವೆಯೇ ಇಡುವುದೆ? ಕಾರಣ ಸರಳ. ಕಣ್ಣೆದುರು ಹೊತ್ತಿದರೆ ಆರಿಸಲು ಜನರಿದ್ದಾರೆ. ಸರಕಿನ ಕೋಣೆಯಲ್ಲಿ ಯಾರೂ ಇಲ್ಲ. ಆಸನದ ಸಂದಿಗೆ ಮೊಬೈಲ್ ಜಾರಿ ಬಿದ್ದರೆ ಆಸನವನ್ನು ಅಲುಗಿಸದೆ ಸಿಬ್ಬಂದಿಯನ್ನು ಕರೆಯಬೇಕೆಂಬುದೂ ಇದೇ ಕಾರಣಕ್ಕೆ. ಆಸನದ ಯಂತ್ರಕ್ಕೆ ಸಿಕ್ಕು ಜಜ್ಜಿದ ಮೊಬೈಲು ಕೆಂಡವಾಗಬಲ್ಲದು.

ಹಾಗೆಂದು ತರಂಗದ ಮಾತು ಪೂರ್ತಿ ಹಳತಾಗಿಲ್ಲ. 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ರನ್‌ವೇಗಳ ಎರಡೂ ತುದಿಯಿಂದ 2.1 ಕಿಲೋಮೀಟರ್‌ವರೆಗೆ ಒಂದು ಬಗೆಯ 5ಜಿ ಟವರುಗಳನ್ನು ಹಾಕಬಾರದೆಂದು ಕಂಪನಿಗಳಿಗೆ ತಿಳಿಸಿತು. ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ರೇಡಿಯೋ ಉಪಕರಣಕ್ಕೆ ಅವು ಅಡ್ಡಿಯಾಗಬಾರದೆಂಬ ಮುನ್ನೆಚ್ಚರಿಕೆ ಅದು. ಯಾತ್ರಿಕನಿಗೊಂದು ನ್ಯಾಯ, ಕಂಪನಿಗೊಂದು ನ್ಯಾಯ ಎಂದು ದೂರುವವರು ಇದನ್ನು ಗಮನಿಸಬೇಕು.

ಆಲೂರು, ಸಕಲೇಶಪುರದ ಜನರಿಗೆ ಮೊಬೈಲ್ ಇನ್ನೊಂದು ಎಚ್ಚರಿಕೆಯನ್ನೂ ತರುತ್ತದೆ. ಆನೆಗಳ ಹಿಂಡು ಯಾವ ತೋಟದ ಕಡೆ ಇದೆ ಎಂದು ಅರಣ್ಯ ಇಲಾಖೆಯ ಸಂದೇಶ ಬರುತ್ತದೆ; ಹಿಂಡಿನ ಹೆಣ್ಣಾನೆಯ ಕೊರಳಿಗೆ ಕಟ್ಟಿದ ರೇಡಿಯೋ ಪಟ್ಟಿಯೂ ಸುಳಿವು ಕೊಡುತ್ತದೆ. ಸಂದೇಶ ಓದಿದವರು ಆನೆಯನ್ನು ಕಣ್ಣಾರೆ ಕಂಡಿರುವುದಿಲ್ಲ. ಹತ್ತು ಸಲ ಎಚ್ಚರಿಸಿದರೆ ಎಂಟು ಸಲ ಏನೂ ಆಗದೆಯೂ ಇರಬಹುದು. ಆದರೂ ಆ ಸಂಜೆ ಕೂಲಿಯವರು ಆ ದಾರಿ ಬಿಟ್ಟು ಬಳಸುದಾರಿ ಹಿಡಿಯುತ್ತಾರೆ. ಅವರನ್ನು ತಡೆಯಲು ಅಲ್ಲಿ ಪೊಲೀಸರಿಲ್ಲ, ದಂಡವೂ ಇಲ್ಲ. ಎಚ್ಚರಿಕೆ ಅವರ ಭಾಷೆಯಲ್ಲಿ ಬಂದಿದೆ, ಅದರ ಕಾರಣ ಅವರಿಗೆ ಗೊತ್ತಿದೆ, ಅಷ್ಟೆ. ಅದೇ ಬೆಟ್ಟಗಳ ಮೇಲೆ ಹಾರುವಾಗ ಕೇಳಿಬರುವ ಪ್ರಕಟಣೆಗೂ ಬೇಕಾದದ್ದು ಇವೆರಡೇ.